ದೀಪ ಹಚ್ಚಿದ ಮೇಲಿನ ಬೋಣಗಿ

ರೂಪಾ, ಮಲ್ಲೂ, ಮೊನ್ನೆ ಬುಧವಾರ ನಿಮ್ಮ ಅಶೋಕ ಕಾಕಾ ಹುಕ್ಕೇರಿಯಿಂದ ಮೂಡಲಗಿಗೆ ಬಂದು, ನನ್ನ ಪಡಸಾಲೆಯಲ್ಲಿ ಕುಳಿತು, ಎರಡು ಕಪ್ ಚಹಾ ಕುಡಿದು, ಥೈಲ್ಯಾಂಡಿನ ಫೋಟೋಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಹರಡಿದ. ಗೊಬ್ಬರದ ಅಂಗಡಿಯವರು ಹೆಚ್ಚು ಚೀಲ ಮಾರಿದರೆ ಕಂಪನಿಯವರು ಪುಕ್ಕಟೆಯಾಗಿ ವಿಮಾನ ಹತ್ತಿಸುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಸಮುದ್ರ, ಆನೆ, ಮಲಗಿದ ಬುದ್ಧ, ತೆಂಗಿನಕಾಯಿಗೆ ನಳಿಗೆ ಹಾಕಿ ಕುಡಿಯುತ್ತಿರುವ ಕಾಕಾ, ಎಲ್ಲವೂ ಇದ್ದವು. ಆದರೆ ನನ್ನ ಕಣ್ಣು ನಿಂತದ್ದು ಒಂದು ಗಾಡಿಯ ಮೇಲೆ. ನಮ್ಮ ಊರಿಗೆ ಹಾಲಿನ ಕ್ಯಾನು ಒಯ್ಯಲು ಬರುತ್ತದಲ್ಲ, ಅಂಥದೇ ಸಣ್ಣ ಗಾಡಿ. ಹಿಂದೆ ಎದುರುಬದುರು ಎರಡು ಬೆಂಚು, ಮೇಲೆ ತಗಡಿನ ಚಪ್ಪರ, ಸುತ್ತಲೂ ರಾತ್ರಿಯ ಬಣ್ಣಬಣ್ಣದ ದೀಪ.

"ಅಲ್ಲಿ ರಾತ್ರಿ ತಿರಗ್ಯಾಡಾಕ ಸ್ವಂತ ಗಾಡಿ ಬೇಕಂತನ ಇಲ್ರಿ ಅತ್ತ್ಯಾರ," ಎಂದ ಕಾಕಾ. "ಇದು ಸಮುದ್ರದ ದಂಡಿಗುಂಟ ಸುತ್ತ ಹೊಡಕೋತನ ಇರತೈತಿ. ಕೈ ಮಾಡೂದು, ಹತ್ತೂದು, ಇಳಿಯೂ ಜಾಗಾ ಬಂದ್ರ ಗುಂಡಿ ಒತ್ತೂದು. ಹನ್ನೆರಡು ಬಡದ ಮ್ಯಾಲ ಒಬ್ಬಾಕಿ ಮುದುಕಿ ಬುಟ್ಟಿ ತಗೊಂಡು ಒಬ್ಬಾಕಿನ ಹತ್ತಿದ್ಲು ನೋಡ್ರಿ. ಯಾರೂ ತಿರಗಿ ಸುದ್ದಾ ನೋಡಲಿಲ್ಲ."

"ಖಾಲಿ ಗಾಡಿಗೆ ಮೊದಲ ಯಾರು ಹತ್ತತಾರಪಾ?" ಎಂದು ಕೇಳಿದೆ.

ಅವನು ನಕ್ಕ. "ಯಾರು ಮೊದಲ ಕೈ ಮಾಡತಾರೋ ಅವರು. ಅದೇನ ಕೇಳೂ ಮಾತೇನ್ರಿ?"

ನಾನು ಸುಮ್ಮನಾದೆ. ಸುಮ್ಮನಾಗುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅವನು ಹೊರಟು, ಹೊಸ್ತಿಲ ಆಚೆ ಚಪ್ಪಲಿ ಮೆಟ್ಟುತ್ತ, ನೆನಪಾದವನಂತೆ ಹೇಳಿದ: "ಹಾಂ, ಸೋಮವಾರ ಅಣ್ಣನ ಹೊಸಾ ಕಾರ ಬರತೈತಿ. ವೈನಿ ಹೇಳ್ಯಾಳು, ನೀವು ಮಂಗಳವಾರ ಬರ್ರಿ ಅಂತ. ಪೂಜಿ ಗದ್ದಲಾ ಮುಗದಿರತೈತಿ, ಆರಾಮ ಕೂತು ಮಾತಾಡಾಕ ಬರತೈತಿ." ಅವನ ವೈನಿ ಎಂದರೆ ನಿಮ್ಮ ಅವ್ವ, ನನ್ನ ಒಬ್ಬಳೇ ಮಗಳು ಸುರೇಖಾ.

ಅದೇ ಸಂಜೆ ನೀನು ಫೋನಿನಲ್ಲಿ ಕೇಳಿದೆ ಮಲ್ಲು, "ಆಯಿ, ನೀ ಯಾಕ ಸೋಮವಾರ ಬರೂದಿಲ್ಲ?" ಎಂದು. ಎಮ್ಮೆ ಈಯುವುದಿದೆ ಎಂದೆ. ನಮ್ಮ ಎಮ್ಮೆ ಈದು ಎರಡು ತಿಂಗಳಾಯಿತು. ಈ ಹಾಳೆಗಳು ನಿನ್ನ ಪ್ರಶ್ನೆಗೆ ಖರೆ ಉತ್ತರ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಲ್ಲಲ್ಲಿ ಪೆನ್ನು ಒತ್ತಿ ಹಾಳೆ ತೂತಾಗಿದ್ದರೆ ಆಯಿಗೆ ಬರೆಯಲು ಬರುವುದಿಲ್ಲವೆಂದು ತಿಳಿಯಬೇಡಿ.

ನಾನು ಕೌಜಲಗಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು, ಕೇಳಿಸುವ ಹಾಗೆ ಹೇಳಲು ಮಾತ್ರ ಬರುತ್ತಿರಲಿಲ್ಲ. ಪಾಠ ಓದಲು ಎಬ್ಬಿಸಿದರೆ ಮಾಸ್ತರರು ಕುರ್ಚಿ ಬಿಟ್ಟು ಬಂದು ನನ್ನ ಬಾಯಿಯ ಹತ್ತಿರ ಕಿವಿ ಇಟ್ಟು, "ಇಕಿ ಓದಾಕತ್ತಾಳೋ ಉಸರ ಬಿಡಾಕತ್ತಾಳೋ, ಯಾರರೆ ಹೇಳ್ರಲೇ" ಎನ್ನುತ್ತಿದ್ದರು. ಮದುವೆಯಾಗಿ ಮೂಡಲಗಿಗೆ ಬಂದ ಮೇಲೆ ನನ್ನ ಪಾಲಿನ ಮಾತನ್ನೂ ನಿಮ್ಮ ಅಜ್ಜನೇ ಆಡುತ್ತಿದ್ದರು. ಅಂಗಡಿಯಲ್ಲಿ ಅವರು, ಬಸ್ಸಿನಲ್ಲಿ ಅವರು, ಬೀಗರ ಮನೆಯಲ್ಲಿ ಅವರು. ನಾನು ಪಕ್ಕದಲ್ಲಿ ನಿಂತು ತಲೆ ಅಲ್ಲಾಡಿಸಿದರೆ ನಮ್ಮ ಸಂಸಾರದ ಅಭಿಪ್ರಾಯ ಪೂರ್ಣವಾಗುತ್ತಿತ್ತು. ಅವರು ತೀರಿಕೊಂಡಾಗ ಬಂದವರೆಲ್ಲ ನನ್ನ ಹಣೆ ನೋಡಿ ಅತ್ತರು. ನನಗೆ ಅನಿಸಿದ್ದು ಬೇರೆ. ನನ್ನ ಬಾಯಿಯನ್ನೇ ಒಯ್ದರಲ್ಲ ಎಂದು.

ಅದಾಗಿ ಮೂರನೆಯ ವರ್ಷ ರೂಪಾ, ನೀನು ನಿಮ್ಮ ಅವ್ವನ ಹೊಟ್ಟೆಯಲ್ಲಿದ್ದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಪದ್ಧತಿ. ಆದರೆ ನಿಮ್ಮ ಹುಕ್ಕೇರಿ ಆಯಿ, ಅಂದರೆ ನಿಮ್ಮ ಅಪ್ಪನ ತಾಯಿ, "ಅಲ್ಲಿ ಗಂಡಸರ ದಿಕ್ಕಿಲ್ಲ, ನಮ್ಮಲ್ಲೇ ಆಗಲಿ" ಎಂದರು. ಆ ಮಾತಿನಲ್ಲಿ ನ್ಯಾಯವೂ ಇತ್ತು, ಆಡದೆ ಬಿಟ್ಟ ಇನ್ನೊಂದು ಮಾತೂ ಇತ್ತು. ನಾನು ತಲೆ ಅಲ್ಲಾಡಿಸಿದೆ. ಕುಬಸ ಮಾಡಿ ಬಸುರಿಗೆ ಉಡಿ ತುಂಬಿದ ದಿನ ಸುರೇಖಾ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದೊಯ್ದು ಸೆರಗು ಹಿಡಿದುಕೊಂಡಳು.

"ಹೆರಿಗಿ ಖೋಲಿ ಒಳಗ ಕರಕೊಂಡ ಹೋಗೂ ಮುಂದ ನೀ ನನ್ನ ಬಾಜೂಕ ಇರಬೇಕವ್ವಾ. ನನಗ ಭಾಳ ಅಂಜಿಕಿ ಬರತೈತಿ. ನೀ ಮಾತೇನ ಆಡಬ್ಯಾಡ, ಕೈಯಷ್ಟ ಹಿಡಕೊ."

"ಬರತೇನಿ," ಎಂದೆ. ನಾನು ಗಟ್ಟಿಯಾಗಿ ಕೇಳಿಸುವ ಹಾಗೆ ಕೊಟ್ಟ ಮಾತು ಅದೊಂದೇ.

ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ಕಿರಾಣಿ ಅಂಗಡಿಗೆ ಫೋನು ಬಂತು, ಬೇನೆ ಸುರುವಾಗಿವೆ, ಹೊರಟು ಬರ್ರಿ ಎಂದು. ಬಾಣಂತಿಗೆಂದು ಮೊದಲೇ ಕಟ್ಟಿಟ್ಟಿದ್ದ ಅಂಟಿನ ಉಂಡಿಯ ಡಬ್ಬಿ ಎತ್ತಿಕೊಂಡು ಸಿಕ್ಕ ಬಸ್ಸು ಹತ್ತಿದೆ. ಗೋಕಾಕದಲ್ಲಿ ಇಳಿಯುವ ಹೊತ್ತಿಗೆ ಬೀದಿದೀಪ ಹತ್ತಿದ್ದವು, ಹುಕ್ಕೇರಿಯ ಕೊನೆಯ ಬಸ್ಸು ಹೋಗಿಯಾಗಿತ್ತು.

ಮಳೆಗಾಲದ ಭಾನುವಾರ ಗೋಕಾಕ ಅಲ್ಲಿಯವರ ಊರಾಗಿ ಉಳಿಯುವುದಿಲ್ಲ. ಜಲಪಾತ ನೋಡಲು ಬಂದವರದಾಗುತ್ತದೆ. ಬೆಳಗಾವಿಯ ಕಾರು, ಕೊಲ್ಹಾಪುರದ ಕಾರು, ಕಿಟಕಿಯಿಂದ ಹೊರಗೆ ಒಣಗಲು ಬಿಟ್ಟ ಟಾವೆಲ್ಲು, ಒಳಗೆ ಕರದಂಟು ಮೆಲ್ಲುವ ಮಕ್ಕಳು. ರಸ್ತೆಯುದ್ದಕ್ಕೂ ಒಂದರ ಹಿಂದೆ ಒಂದು ನಿಂತು ಹಾರ್ನು ಬಾರಿಸುತ್ತಿದ್ದವು. ಅವರಿಗೆ ಒಂದು ತಾಸು ತಡವಾದರೆ ಮನೆಯಲ್ಲಿ ಅನ್ನ ಆರುತ್ತದೆ, ಅಷ್ಟೇ. ಅಂದು ನಾನು ಆ ಕಾರುಗಳನ್ನೆಲ್ಲ ಮನಸ್ಸಿನಲ್ಲೇ ಶಪಿಸಿದೆ. ಈಗ ನಿಮ್ಮ ಅಪ್ಪನೇ ಕಾರು ತರುತ್ತಿರುವುದರಿಂದ ಆ ಶಾಪವನ್ನು ವಾಪಸು ತೆಗೆದುಕೊಂಡಿದ್ದೇನೆ.

ಬಸ್ಸಿಲ್ಲದ ಹೊತ್ತಿನಲ್ಲಿ ಮಂದಿಯನ್ನು ತುಂಬಿಕೊಂಡು ಓಡುವ ಖಾಸಗಿ ಜೀಪುಗಳಿಗೆ ನಮ್ಮ ಕಡೆ ವಡಾಪ್ ಎನ್ನುತ್ತಾರೆ. ಹಗಲೆಲ್ಲ ಜಲಪಾತಕ್ಕೆ ತಿರುಗಿ ದಣಿದ ಆ ಜೀಪುಗಳು ಸಂಜೆ ಸ್ಟ್ಯಾಂಡಿನ ಹೊರಗೆ ಬಂದು ಪಾಳಿ ಹಚ್ಚಿ ನಿಲ್ಲುತ್ತಿದ್ದವು. ಅವುಗಳ ಕಾನೂನು ವಿಚಿತ್ರ. ಗಾಡಿ ಭರ್ತಿಯಾಗದೆ ಬಿಡುವುದಿಲ್ಲ. ಖಾಲಿ ಗಾಡಿಗೆ ಮಂದಿ ಹತ್ತುವುದಿಲ್ಲ, ಯಾಕೆಂದರೆ ಅದು ಭರ್ತಿಯಾಗುವುದು ಯಾವಾಗಲೋ. ಅದಕ್ಕೆ ಡ್ರೈವರುಗಳು ತಮ್ಮ ಗೆಳೆಯರನ್ನೇ ಮೂವರನ್ನು ಕೈಚೀಲ ಕೊಟ್ಟು ಒಳಗೆ ಕೂಡಿಸುತ್ತಿದ್ದರು. ಇವರು ಊರಿಗೆ ಹೋಗುವವರ ಹಾಗೆ ಮುಖ ಮಾಡಿಕೊಂಡು ಕುಳಿತು, ನಿಜವಾದ ಪ್ಯಾಸೆಂಜರು ಬಂದ ಹಾಗೆಲ್ಲ ಒಬ್ಬೊಬ್ಬರಾಗಿ ಇಳಿದು ಮುಂದಿನ ಜೀಪಿಗೆ ಹೋಗಿ ಕೂಡುವರು. ಈ ನಾಟಕ ನನಗೆ ಗೊತ್ತಿತ್ತು, ಹಾಗಾಗಿ ಖಾಲಿ ಗಾಡಿಗೆ ಹತ್ತಲು ಯಾವ ಅಡ್ಡಿಯೂ ಇಲ್ಲದ ಅಪರೂಪದ ಗಿರಾಕಿ ನಾನು ಎಂದುಕೊಂಡು ಮೊದಲ ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟೆ.

ಡ್ರೈವರು ಆಗಷ್ಟೇ ಊದುಬತ್ತಿ ಹಚ್ಚಿ ಗಾಜಿಗೆ ಬೆಳಗುತ್ತಿದ್ದ. ಗಾಜಿನ ಮೇಲೆ, ಶಕುನವಿಲ್ಲ ಸೂತಕವಿಲ್ಲ ಎಂದು ಸಾರಿದ ಶರಣರದೇ ಚಿತ್ರ. ಅವನು ತಿರುಗಿ ನನ್ನ ಹಣೆ ನೋಡಿದ. ವಿಭೂತಿ ಇತ್ತು, ಕುಂಕುಮ ಇರಲಿಲ್ಲ.

"ಅವ್ವಾರ, ಸ್ವಲ್ಪ ತಡೀರಿ," ಎಂದ. "ಈಗ ದೀಪ ಹಚ್ಚೇನಿ, ಬೋಣಗಿ ಆಗಿಲ್ಲ. ಯಾರರೆ ಒಬ್ಬರು ಹತ್ತಲಿ, ಆಮ್ಯಾಲ ನೀವು ಹತ್ತೀರಂತ."

ಬೋಣಗಿ ಎಂದರೆ ನಿಮಗೆ ಗೊತ್ತಿದೆ, ಅಂಗಡಿಯ ಮೊದಲ ಗಿರಾಕಿ. ದೀಪ ಹಚ್ಚಿದ ಮೇಲೆ ಅದು ಹೊಸದಾಗಿ ಸುರುವಾಗುತ್ತದೆ. ರಾತ್ರಿಯ ಮೊದಲ ಪ್ಯಾಸೆಂಜರು ಗಂಡಸಾಗಿರಬೇಕು, ಇಲ್ಲವೇ ಮುತ್ತೈದೆ. ಗಂಡ ಸತ್ತವಳು ಮೊದಲು ಕಾಲಿಟ್ಟರೆ ಗಾಡಿಗೆ ಕೇಡು. ಆ ಡ್ರೈವರು ಕೆಟ್ಟವನಲ್ಲ. ಬೈಯಲಿಲ್ಲ, ತಳ್ಳಲಿಲ್ಲ, ಪಕ್ಕದ ಚಹಾದಂಗಡಿಯಿಂದ ನನಗೆ ಒಂದು ಗ್ಲಾಸು ನೀರು ಸಹ ತರಿಸಿಕೊಟ್ಟ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. ನೀರು ಕೊಟ್ಟವನ ಮೇಲೆ ಸಿಟ್ಟಾಗುವುದು ಹೇಗೆಂದು ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನನ್ನ ಮಗಳಿಗೆ ಬೇನೆ ಬಂದಿವೆ ಎಂಬ ಒಂದು ಮಾತು ಹೇಳಬೇಕಿತ್ತು. ನಾಲಿಗೆ ಹೊರಳಲಿಲ್ಲ. ಕಾಲು ಮಾತ್ರ ತಾನೇ ಕೆಳಗಿಳಿಯಿತು. ಆಮೇಲೆ ಜಲಪಾತದ ಕಡೆಯಿಂದ ಹತ್ತು ಜನ ಗಂಡಸರು ಒಮ್ಮೆಲೆ ಬಂದು ನುಗ್ಗಿದರು, ಗಾಡಿ ಭರ್ತಿಯಾಗಿ ಹೋಯಿತು. ನೀರಿನ ಗ್ಲಾಸು ನನ್ನ ಕೈಯಲ್ಲೇ ಉಳಿಯಿತು.

ಎರಡನೆಯ ಜೀಪಿನವನಿಗೆ ಅಷ್ಟು ಪುರುಸೊತ್ತಿರಲಿಲ್ಲ. "ಯಕ್ಕಾ, ಬೋಣಗಿ ಹೊತ್ತು. ನೀವ ತಿಳಕೋಬೇಕ," ಎಂದ. ಒಳಗೆ ಕುಳಿತಿದ್ದ ಹುಸಿ ಪ್ಯಾಸೆಂಜರುಗಳಲ್ಲಿ ಒಬ್ಬ, ಎಲ್ಲಿಗೂ ಹೋಗದವನು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹೇಳಿದ: "ಇವರನ್ನ ಮೊದಲ ಕೂಡಿಸ್ಕೊಂಡ್ರ ಘಟಪ್ರಭಾ ಮುಟ್ಟೂದ್ರಾಗ ಪಂಚರ ಆಕ್ಕೈತಿ ನೋಡಲೇ." ಉಳಿದವರು ನಕ್ಕರು. ಖರೆ ಹೇಳುತ್ತೇನೆ, ನಾನೂ ಸ್ವಲ್ಪ ನಕ್ಕೆ. ಎಲ್ಲರೂ ನಗುವಾಗ ನಗದೆ ನಿಂತರೆ ಎದ್ದು ಕಾಣುತ್ತೇನೆ ಎಂಬ ಅಂಜಿಕೆಗೆ. ಆ ನಗುವನ್ನು ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಬೋಣಗಿ ಆದ ಮೇಲೂ ನನ್ನನ್ನು ಯಾರೂ ಕರೆಯಲಿಲ್ಲ, ಆ ಗಾಡಿಯೂ ತುಂಬಿ ಹೋಯಿತು. ಒಂದೂವರೆ ತಾಸು ಕಳೆದಿತ್ತು.

ಆಗ ಗೋಡೆಗೆ ಒರಗಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಒಬ್ಬ ಹೆಂಗಸು ನನ್ನನ್ನು ಕರೆದಳು. ಪಿನ್ನು, ರಿಬ್ಬನ್ನು, ಟಿಕಳಿ ಮಾರುವವಳು. ಜಲಪಾತಕ್ಕೆ ಬಂದವರಿಗೆ ಹಗಲೆಲ್ಲ ಮಾರಿ ಘೋಡಗೇರಿಗೆ ಹೊರಟವಳು. ಹೆಸರು ಶಾಂತವ್ವ ಎಂದಳು. ಹಣೆಯ ನಡುವೆ ಕೆಂಪು ಟಿಕಳಿ.

"ಆವಾಗಿಂದ ನೋಡಾಕತ್ತೇನಿ," ಎಂದಳು. "ಎಲ್ಲಿಗ ಹೊಂಟೀರಿ?"

ಆಕೆಗೆ ಮಾತ್ರ ನಾನು ಹೇಳಿದೆ. ಮಗಳು, ಬೇನೆ, ಕೈ ಹಿಡಿಯುವ ಮಾತು, ಎಲ್ಲ. ಆಕೆ ಬುಟ್ಟಿಯಿಂದ ಒಂದು ಟಿಕಳಿಯ ಹಾಳೆ ತೆಗೆದು ನನ್ನ ಮುಂದೆ ಹಿಡಿದಳು.

"ಹಚ್ಕೊಳ್ರಿ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಯಾಕ ಅಂಜತೀರಿ? ನಮ್ಮವ ಸತ್ತು ಆರು ವರ್ಸ ಆತು. ನಾ ದಿನಾ ಸಂಜಿಕ ಹಚ್ಕೋತೇನಿ, ಊರ ಅಗಸ್ಯಾಗ ಇಳದು ತಗೀತೇನಿ. ಇಲ್ಲಂದ್ರ ನನ್ನ ಮಕ್ಕಳಿಗಿ ರೊಟ್ಟಿ ಬಡ್ಯಾಕ ಯಾರ ಹೋಗವ್ರು? ಸತ್ತಾಂವಗ ಗೊತ್ತೈತಿ ಅವ ಸತ್ತಾನಂತ. ಡ್ರಾಯವರಗ ಯಾಕ ಗೊತ್ತಾಗಬೇಕ?"

ಇಷ್ಟು ನೇರವಾದ ವಿಚಾರವನ್ನು ನಾನು ಯಾವ ಪುರಾಣ ಪ್ರವಚನದಲ್ಲೂ ಕೇಳಿರಲಿಲ್ಲ. ಆದರೂ ಹಾಳೆಗೆ ಕೈ ಚಾಚಲಿಲ್ಲ. ಆಕೆಯೇ ಒಂದು ಟಿಕಳಿ ಕಿತ್ತು ವಿಭೂತಿಯ ಕೆಳಗೆ ಹಚ್ಚಿದಳು. ಮೂರು ವರ್ಷ ಖಾಲಿ ಇದ್ದ ಜಾಗ ಅದು. ಅಲ್ಲಿ ಏನೋ ಸುಡುತ್ತಿದೆ ಎಂದು ನನಗೆ ಭ್ರಮೆ.

ಕೈಚೀಲದವರು ಚಹಾಕ್ಕೆ ಹೋಗಿದ್ದರು. ಆಗಷ್ಟೇ ಬಂದು ನಿಂತ ಮೂರನೆಯ ಜೀಪಿನವನು ಊದುಬತ್ತಿ ಬೆಳಗಿ ತಿರುಗುವ ಹೊತ್ತಿಗೆ ಶಾಂತವ್ವ ಬುಟ್ಟಿಯನ್ನು ಮೇಲೆ ಕಟ್ಟಿಸುತ್ತಿದ್ದಳು, ನಾನು ಮೆಟ್ಟಿಲ ಮೇಲಿದ್ದೆ. "ಬರ್ರಿ ಅವ್ವಾರ, ಮುಂದಿನ ಸೀಟಿಗೆ ಕೂಡ್ರಿ," ಎಂದು ಸೀಟನ್ನು ತನ್ನ ಟಾವೆಲ್ಲಿನಿಂದ ಒರೆಸಿ ಕೊಟ್ಟ. ಕಾಲು ತಾಸಿನಲ್ಲಿ ಗಾಡಿ ತುಂಬಿತು, ಹಿಂದೆ ಇಬ್ಬರು ಜೋತುಬಿದ್ದರು. ಗಾಡಿ ಬಿಡುತ್ತ ಅವನು ಕ್ಲೀನರಿಗೆ, "ಅವ್ವಾರದು ಛಲೋ ಬೋಣಗಿ ನೋಡೋ, ಇವತ್ತ ಮೂರು ಟ್ರಿಪ್ ಆಗಬೇಕ," ಎಂದ. ಅದೇ ಹಣೆ, ಅದೇ ಕಾಲು, ಅದೇ ಸತ್ತ ಗಂಡನ ಹೆಂಡತಿ. ಮೂರು ಟ್ರಿಪ್ಪಿಗೂ ಪಂಚರಿಗೂ ನಡುವೆ ಇದ್ದದ್ದು ಕಡಲೆಬೇಳೆಯಷ್ಟು ಕೆಂಪು ಪ್ಲಾಸ್ಟಿಕ್ಕು. ಘೋಡಗೇರಿಯ ಅಗಸಿಬಾಗಿಲಲ್ಲಿ ಶಾಂತವ್ವ ಇಳಿದು, ಕತ್ತಲಲ್ಲಿ ಟಿಕಳಿ ಕಿತ್ತು ಬುಟ್ಟಿಯ ಅಂಚಿಗೆ ಅಂಟಿಸಿ, "ನೀವೂ ತಗ್ಯಾಕ ಮರೀಬ್ಯಾಡ್ರಿ," ಎಂದು ಹೋದಳು.

ನಾನು ಮರೆತೆ.

ಹುಕ್ಕೇರಿಯ ದವಾಖಾನೆ ಮುಟ್ಟಿದಾಗ ನೀನು ಹುಟ್ಟಿ ಅರ್ಧ ತಾಸಾಗಿತ್ತು ರೂಪಾ. ಸಿಸ್ಟರ್ ಬಾಯಿ ಹೇಳಿದರು, "ಬಾಗಲಾ ಕಡೆನ ನೋಡಕೋತ ಒಳಗ ಹೋದ್ಲರಿ ನಿಮ್ಮ ಹುಡಿಗಿ." ನಾನು ಆ ಬಾಗಿಲ ಕಡೆ ಹೊರಟೆ. ಅಷ್ಟರಲ್ಲಿ ನಿಮ್ಮ ಹುಕ್ಕೇರಿ ಆಯಿ ಬಂದರು, ನನ್ನ ಹಣೆ ನೋಡಿದರು.

"ಏನ್ರಿ ಬೀಗತ್ಯಾರ, ಹಣಿಮ್ಯಾಲ ಏನದು?"

ಅವರ ಮಾತು ಮುಗಿಯುವ ಮೊದಲೇ ನನ್ನ ಬೆರಳು ಹಣೆಗೆ ಹೋಗಿ ಅದನ್ನು ಕಿತ್ತಿತ್ತು. "ಏನರೆ ಕಸಾ ಹತ್ತಿರಬೇಕ್ರಿ," ಎಂದೆ.

"ಯಾಕ ಇಷ್ಟ ತಡಾ?"

"ಗಾಡಿ ಪಂಚರ ಆತ್ರಿ."

ಎಲ್ಲಿಂದ ಬಂತು ಆ ಸುಳ್ಳು ಎಂದು ನೀವು ಕೇಳಬಹುದು. ಆ ರಾತ್ರಿ ನನ್ನ ಕಿವಿಯಲ್ಲಿ ಉಳಿದಿದ್ದ ಮಾತು ಅದೇ. ಎಲ್ಲಿಗೂ ಹೋಗದ ಆ ಕೈಚೀಲದವನದು. ಟಿಕಳಿ ಹಚ್ಚಿಕೊಂಡದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿಲ್ಲ. ಕಿತ್ತ ವೇಗಕ್ಕೆ ನಾಚಿಕೆ. ಸುಳ್ಳು ಹೇಳಿದ್ದಕ್ಕೂ ಅಷ್ಟಾಗಿ ಅಲ್ಲ, ಇದ್ದ ಸುಳ್ಳುಗಳಲ್ಲಿ ಅವನ ಸುಳ್ಳನ್ನೇ ಆರಿಸಿ, ನನ್ನ ವಿರುದ್ಧ ಅವನು ಹೇಳಿದ್ದನ್ನು ನಾನೇ ಖರೆ ಮಾಡಿ ಕೊಟ್ಟೆನಲ್ಲ, ಅದಕ್ಕೆ ಈ ಸಿಟ್ಟು. ಒಳಗೆ ಹೋದಾಗ ಸುರೇಖಾ ನಿನ್ನನ್ನು ಮಗ್ಗುಲಲ್ಲಿ ಹಾಕಿಕೊಂಡು, ದಣಿದ ದನಿಯಲ್ಲಿ, "ಪಂಚರ ಆಗೂ ಗಾಡಿನ ಸಿಗಬೇಕಿತ್ತೇನವ್ವಾ ನಿನಗ," ಎಂದಳು. ಅವಳ ಕೈ ಹಿಡಿದೆ. ಹಿಡಿಯಬೇಕಾದ ಹೊತ್ತು ಆಗಲೇ ಮುಗಿದಿತ್ತು.

ಆ ಪಂಚರು ಅಲ್ಲಿಗೆ ನಿಲ್ಲಲಿಲ್ಲ. ನಿಡಸೋಸಿಯಲ್ಲಿ ಆದ ಕಾಕಾನ ಮದುವೆಗೆ ಮೂರು ಗಾಡಿ ಹೊರಟಾಗ ಹುಕ್ಕೇರಿ ಆಯಿ ಚೇಷ್ಟೆಗೆ, "ಬೀಗತ್ಯಾರ ಹಿಂದಿನ ಗಾಡ್ಯಾಗ ಇರಲಿ, ಪಂಚರ ಆದ್ರ ಮದಮಗ ಆದರೂ ಮುಟ್ಟಲಿ," ಎಂದರು. ಎಲ್ಲರೂ ನಕ್ಕರು. ಗೊಬ್ಬರದ ಅಂಗಡಿ ತೆರೆದಾಗ ಚೇಷ್ಟೆ ಇರಲಿಲ್ಲ, ಮಧ್ಯಾಹ್ನದ ಮೇಲೆ ಬರ್ರಿ ಎಂದು ಹೇಳಿ ಕಳಿಸಿದರು. ಮಲ್ಲು, ನಿನ್ನ ತೊಟ್ಟಿಲ ದಿನ ನನಗೆ ಹಿತ್ತಲಿನಲ್ಲಿ ಪಾತ್ರೆಯ ಕೆಲಸ ಬಹಳ ಇತ್ತು. ನಿಮ್ಮ ಹುಕ್ಕೇರಿ ಆಯಿಯ ಮೇಲೆ ನೀವು ಸಿಟ್ಟಾಗಬೇಡಿ. ಅವರು ನಿಮಗೆ ಕೊಟ್ಟ ತುಪ್ಪ, ಕಾದ ರಾತ್ರಿ ಯಾವುದೂ ಸುಳ್ಳಲ್ಲ. ನಾನು ಒಂದು ಸಾಕ್ಷಿ ಕೊಟ್ಟೆ, ಅವರು ನಂಬಿದರು. ಅವರ ಮೇಲಿನ ಸಿಟ್ಟು ನನ್ನದು, ಅದು ನನ್ನ ಹತ್ತಿರವೇ ಇರಲಿ. ಆದರೆ ಈ ಸಲ ಮಂಗಳವಾರ ಬಾ ಎಂದವರು ಅವರಲ್ಲ, ನನ್ನ ಮಗಳು. ಹನ್ನೊಂದು ವರ್ಷ ಕೇಳಿ ಕೇಳಿ ಅವಳೂ ನಂಬಿದ್ದಾಳೆ, ತನ್ನ ತಾಯಿ ಮೊದಲು ಬಂದರೆ ಗಾಲಿಯ ಗಾಳಿ ಹೋಗುತ್ತದೆ ಎಂದು.

ಆದ್ದರಿಂದ ಬರೆಯುತ್ತಿದ್ದೇನೆ. ಆ ರಾತ್ರಿ ಗೋಕಾಕದಿಂದ ಹುಕ್ಕೇರಿಯವರೆಗೆ ಗಾಡಿ ಪಂಚರ್ ಆಗಲಿಲ್ಲ. ಅದರ ಬೋಣಗಿ ನಾನು. ನಾಲ್ಕೂ ಗಾಲಿ ಸರಿಯಾಗಿದ್ದವು. ತಡವಾದದ್ದು ಯಾರೂ ನನ್ನನ್ನು ಹತ್ತಿಸಿಕೊಳ್ಳದೆ ಇದ್ದುದಕ್ಕೆ, ನಾನು ಬಾಯಿ ಬಿಡದೆ ಇದ್ದುದಕ್ಕೆ.

ಕಾಕಾ ಶನಿವಾರ ಇತ್ತ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಮೊದಲು ನೀವು ಓದಿ, ಆಮೇಲೆ ಅವ್ವನಿಗೆ ಕೊಡಿ. ನಾನು ಸೋಮವಾರ ಮುಂಜಾನೆಯ ಮೊದಲ ಬಸ್ಸಿಗೆ ಬರುತ್ತೇನೆ. ಕಾರಿನಲ್ಲಿ ಮೊದಲು ಕೂಡುವ ಹಟ ನನಗಿಲ್ಲ. ಪೂಜೆ ಆಗುವಾಗ ಬಾಗಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ, ವಿಭೂತಿಯ ಹೊರತು ಹಣೆಗೆ ಏನೂ ಹಚ್ಚದೆ ನಿಂತಿರುತ್ತೇನೆ. ಯಾರಾದರೂ ತಡೀರಿ ಎಂದರೆ ಮಾತಾಡಲು ಪ್ರಯತ್ನಿಸುತ್ತೇನೆ. ಬಾರದಿದ್ದರೆ, ರೂಪಾ, ನೀನು ಈ ಹಾಳೆಗಳನ್ನು ಗಟ್ಟಿಯಾಗಿ ಓದು. ನಿನಗೆ ದನಿ ಇದೆ.

ಅವ್ವ ಓದಿ ಅತ್ತು, ಮನೆಯ ಮಾತು ಮನೆಯಲ್ಲಿರಲಿ ಎಂದು ಇದನ್ನು ಹರಿಯಲು ನೋಡಿಯಾಳು. ಕೊಡಬೇಡಿ. ನಿಮ್ಮ ಸಾಲೆಯ ಪುಸ್ತಕಗಳ ನಡುವೆ, ಇಬ್ಬರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಸುಳ್ಳನ್ನು ನಾನು ಬಾಯಲ್ಲಿ ಹೇಳಿದ್ದೆ, ಅದು ಹನ್ನೊಂದು ವರ್ಷ ಬಾಳಿತು. ಖರೆಯನ್ನು ಬರೆದಿದ್ದೇನೆ. ಅದು ಅದಕ್ಕಿಂತ ಹೆಚ್ಚು ವರ್ಷ ಬಾಳುವ ಹಾಗೆ ಜೋಪಾನ ಮಾಡಿ.